ವಕೀಲಬಾಯಿಯ ಅಂಗೈ ಸಾಲಿ

ನಮ್ಮವ್ವ ತೀರಿಕೊಂಡ ಮೇಲೆ ಭಾಲ್ಕಿಯ ದೊಡ್ಡ ಮನುಷ್ಯರು ಆಕೆಗೊಂದು ಶೋಕಸಭೆ ಏರ್ಪಡಿಸಿದರು. ಬದುಕಿದ್ದಾಗ ಆಕೆ ಎದುರಿಗೆ ಬಂದರೆ ಓಣಿ ಬದಲಿಸುತ್ತಿದ್ದವರು ಇವರೇ. ಆಗ ಹೈದರಾಬಾದ ರಾಜ್ಯದ ಕೊನೆಯ ದಿನಗಳು. ಭಾಷೆಯ ಲೆಕ್ಕದಲ್ಲಿ ರಾಜ್ಯ ಒಡೆಯುವುದು ಖಚಿತವಾಗಿತ್ತು. ಬೀದರ ಯಾರ ಪಾಲಿಗೆ, ಭಾಲ್ಕಿ ಯಾರ ಪಾಲಿಗೆ, ಔರಾದ ಯಾರ ಪಾಲಿಗೆ ಎಂದು ಚಹಾದ ಹೋಟೆಲುಗಳಲ್ಲಿ ಕೂತವರು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಕನ್ನಡಕ್ಕಾಗಿ ಬಾಳಿ ಸತ್ತವರೊಬ್ಬರು ಅವರಿಗೆ ತುರ್ತಾಗಿ ಬೇಕಾಗಿದ್ದರು. ನಮ್ಮವ್ವ ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಸತ್ತಳು.

ಸಭೆಯ ಅಧ್ಯಕ್ಷ ಅರಿವೆ ಅಂಗಡಿಯ ಸಾಹುಕಾರ. ಬಿಳಿ ಟೊಪ್ಪಿಗೆ, ಬಿಳಿ ಧೋತರ, ತನ್ನದೇ ಅಂಗಡಿಯ ಬಿಳಿ ಕರವಸ್ತ್ರ. "ಆ ಮಹಾತಾಯಿ ನಮ್ಮ ಊರ ಹೆಣ್ಣುಮಕ್ಕಳಿಗೆ ಕನ್ನಡ ಅಕ್ಷರ ಕೊಟ್ಟಳು. ನಾವೆಲ್ಲಾ ಆಕಿ ಬೆನ್ನಿಗಿ ನಿಂತೆವು" ಎಂದು ಕಣ್ಣೊರೆಸಿಕೊಂಡ. ಬೆನ್ನಿಗೆ ನಿಂತಿರಬಹುದು. ಮುಂದೆ ಬಂದು ನಿಂತವರನ್ನು ನಾನು ಕಂಡಿಲ್ಲ. ಆಮೇಲೆ ಎದ್ದವರು ಊರಿನ ಮನೆಮನೆಗೆ ಹೋಗಿ ಲಿಂಗದೀಕ್ಷೆ ಕೊಡುವ ಅಯ್ಯನವರು. ಅವರು ಪೊಲೀಸ್ ಕಾರ್ಯಾಚರಣೆಯ ವಾರದ ಒಂದು ಮಧ್ಯಾಹ್ನದ ಮಾತು ತೆಗೆದರು. ಅದನ್ನು ಕೇಳಿದಾಗ ನನ್ನ ಎಡಗೈ ತಾನಾಗಿಯೇ ಮೊಣಕಾಲಿನಿಂದ ಮೇಲೆದ್ದಿತು. ಬಲಗೈಯಿಂದ ಹಿಡಿದು ಕೆಳಗೆ ಒತ್ತಿದೆ. ಆ ಕೈ ಯಾಕೆ ಎದ್ದಿತು, ಅಯ್ಯನವರು ಏನು ಹೇಳಿದರು ಎಂದು ತಿಳಿಯಬೇಕಾದರೆ ಮೊದಲು ಅವ್ವನನ್ನು ತಿಳಿಯಬೇಕು.

ಅವ್ವ ಹುಟ್ಟಿದ್ದು ಔರಾದ ತಾಲ್ಲೂಕಿನ ಡಾಬಕಾದಲ್ಲಿ. ಅಲ್ಲಿ ಒಲೆಯ ಮುಂದೆ ಕನ್ನಡ, ಹೊಲದ ಬದುವಿನಲ್ಲಿ ಮರಾಠಿ, ಕಚೇರಿಗೆ ಹೋದರೆ ಉರ್ದು. ಅಜ್ಜನ ಕಣ್ಣು ಮಂಜಾದಾಗ ಅವನಿಗೆ ಪುರಾಣ ಓದಿ ಹೇಳುವವರು ಮನೆಯಲ್ಲಿ ಇರಲಿಲ್ಲ. ಗಂಡುಮಕ್ಕಳು ಎತ್ತುಗಳ ಹಿಂದೆ. ಹೀಗಾಗಿ ಮಠದ ಮಾಸ್ತರರಿಂದ ಮಗಳಿಗೆ ಅಕ್ಷರ ಕಲಿಸಿದ. ಕಣ್ಣು ಸರಿಯಿದ್ದಿದ್ದರೆ ಅವನೂ ಕಲಿಸುತ್ತಿರಲಿಲ್ಲ. ನಮ್ಮ ಕಡೆ ಹೆಣ್ಣಿಗೆ ಒಳ್ಳೆಯದೇನಾದರೂ ಆಗಬೇಕಾದರೆ ಯಾರಾದರೂ ಗಂಡಸಿಗೆ ಅಡಚಣೆಯಾಗಬೇಕು.

ಭಾಲ್ಕಿಗೆ ಸೊಸೆಯಾಗಿ ಬಂದಳು. ನಾನು ಚಿಕ್ಕವಳಿದ್ದಾಗಲೇ ಅಪ್ಪ ಜ್ವರದಲ್ಲಿ ಹೋದ. ಮನೆ ಇತ್ತು, ಸ್ವಲ್ಪ ಹೊಲ ಇತ್ತು, ಹೊತ್ತು ಬಹಳ ಇತ್ತು. ಓಣಿಯ ಹುಡುಗಿಯರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಅಕ್ಷರ ಹೇಳತೊಡಗಿದಳು. ನಿಜಾಮರ ಆಳ್ವಿಕೆಯಲ್ಲಿ ಖಾಸಗಿ ಸಾಲಿಗೆ, ಅಂದರೆ ಶಾಲೆಗೆ, ಅಪ್ಪಣೆ ಬೇಕು, ಅದೂ ಕನ್ನಡದ ಸಾಲಿಗೆ ಎಂದು ಯಾರೋ ಹೆದರಿಸಿದರು. ಅಪ್ಪಣೆ ತಾನೇ ಎಂದು ರೈಲು ಹತ್ತಿ ಬೀದರಕ್ಕೆ ಹೋದಳು. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಕಚೇರಿಯ ಗುಮಾಸ್ತ ಬಾಯಲ್ಲಿ ಎಲೆ ಹಾಕಿಕೊಂಡು ನಕ್ಕ.

"ಲಡಕಿಯಾಂ ಕನಡಿ ಪಡ್‌ಕೆ ಕ್ಯಾ ಕರೇಂಗೆ, ಮಾಯಿ?"

"ಕಲಿತ ಮ್ಯಾಲ ಏನ ಮಾಡ್ತಾರಂತ ಕೇಳ್ತೀರೇನು? ನಿಮ್ಮ ಮ್ಯಾಲ ಅರ್ಜಿ ಬರೀತಾರ್ರಿ" ಅಂದಳು ಅವ್ವ. ಅವನಿಗೆ ಕನ್ನಡ ಚೆನ್ನಾಗಿಯೇ ತಿಳಿಯುತ್ತಿತ್ತು. ನಗು ನಿಂತಿತು. ಅಪ್ಪಣೆಯೂ ಸಿಗಲಿಲ್ಲ.

ಆ ದಿನದಿಂದ ಊರು ಆಕೆಯನ್ನು ವಕೀಲಬಾಯಿ ಎಂದು ಕರೆಯಿತು. ಮೆಚ್ಚಿಕೊಂಡು ಇಟ್ಟ ಹೆಸರಲ್ಲ. ಸಾಹುಕಾರನ ಅಂಗಡಿಯ ಕಟ್ಟೆಯ ಮೇಲೆ ಹುಟ್ಟಿದ ಕುಚೇಷ್ಟೆ. ಯಾವಳಾದರೂ ಗಂಡನ ಹೊಡೆತ ತಾಳಲಾರದೆ ನಮ್ಮ ಮನೆಗೆ ಬಂದರೆ, ಯಾರಾದರೂ ವಿಧವೆಯ ಹೊಲವನ್ನು ಮೈದುನ ಒತ್ತಿಕೊಂಡರೆ, ಅವ್ವ ಸೆರಗು ಸಿಕ್ಕಿಸಿಕೊಂಡು ಪಂಚರ ಮುಂದೆ ಹೋಗಿ ನಿಲ್ಲುತ್ತಿದ್ದಳು. ಕಟ್ಟೆಯ ಮೇಲಿನವರು "ಬಂದಳಪ್ಪೋ ವಕೀಲಬಾಯಿ, ಹೆಂಡ್ತಿನ ಬಡದವರು ಎದ್ದ ಓಡ್ರಿ" ಎಂದು ನಗುತ್ತಿದ್ದರು. ನಗುವವರಲ್ಲಿ ಎದ್ದು ಓಡಬೇಕಾದವರೇ ಹೆಚ್ಚು.

ಅಪ್ಪಣೆ ಇಲ್ಲದ ಸಾಲಿಗೆ ಪಾಟಿ ಇಡುವ ಹಾಗಿಲ್ಲ, ಪುಸ್ತಕ ಇಡುವ ಹಾಗಿಲ್ಲ. ಯಾರಾದರೂ ನೋಡಿ ಹೇಳಿದರೆ ಮುಗಿಯಿತು. ಅವ್ವ ಪಾಟಿಯನ್ನೇ ಬಿಟ್ಟಳು. ಎಡ ಅಂಗೈಯನ್ನು ಕಣ್ಣಿನ ಎತ್ತರಕ್ಕೆ ಹಿಡಿಯಬೇಕು, ಬಲಗೈಯ ತೋರುಬೆರಳಿನಿಂದ ಅದರ ಮೇಲೆ ಅಕ್ಷರ ಬರೆಯಬೇಕು. ಏನೂ ಮೂಡುವುದಿಲ್ಲ. ಮೂಡದೇ ಇರುವುದರಿಂದ ಮನಸ್ಸಿನಲ್ಲಿ ಹಿಡಿದುಕೊಳ್ಳಲೇಬೇಕು. ಆಕೆ ನಮ್ಮ ಹಿಂದೆ ಸುಳಿಯುತ್ತ ಭುಜದ ಮೇಲಿಂದ ಬೆರಳು ನೋಡುತ್ತಿದ್ದಳು. "ಳ ಅಕ್ಷರದ ಬಾಲ ಎಲ್ಲಿ ಬಿಟ್ಟಿ? ಬೆಕ್ಕು ತಿಂತೇನ?" ಎಂದು ತಲೆಗೆ ಮೊಟಕುತ್ತಿದ್ದಳು. ಹೀಗೆ ಅಂಗೈಯಲ್ಲಿ ಕಲಿತವರ ಕೈಯಕ್ಷರ ಮುಂದೆ ಕಾಗದದ ಮೇಲೂ ದುಂಡಗೆ ಬಂತು. ನಾನು ಹೈದರಾಬಾದಿನ ಕಾಲೇಜಿನಲ್ಲಿ ಓದಿದಾಗ, ಮೇಜು ಪುಸ್ತಕ ಎಲ್ಲ ಇದ್ದೂ ನೆನಪಿನಲ್ಲಿ ಉಳಿಯದ ವಿಷಯವನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಜವಾನನೊಬ್ಬ ಬಂದ. ಪೊಲೀಸು ಠಾಣೆಯವನು, ವಯಸ್ಸಾದ ಮುಸಲ್ಮಾನ. ಯಾರೋ ಚಾಡಿ ಹೇಳಿದ್ದರು. ಬಾಗಿಲಲ್ಲಿ ನಿಂತು ನೋಡಿದರೆ ಹಣೆಗೆ ವಿಭೂತಿ ಹಚ್ಚಿಕೊಂಡ ಹುಡುಗಿಯರ ಸಾಲು, ಎಲ್ಲರ ಎಡಗೈ ಮೇಲೆ, ಎಲ್ಲರ ಕಣ್ಣು ಅಂಗೈಯಲ್ಲಿ. ನಮ್ಮ ಲಿಂಗವಂತರ ಮನೆಗಳಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು ನೆಟ್ಟ ಕಣ್ಣಿನಿಂದ ಪೂಜೆ ಮಾಡುವುದು ಅವನಿಗೂ ಗೊತ್ತಿತ್ತು. ಅವ್ವ ಏನೂ ಹೇಳುವ ಮೊದಲೇ "ಮಾಫ್ ಕರೋ ಮಾಯಿ" ಎಂದು ಹಿಂದೆ ಸರಿದು ಹೊರಟೇಹೋದ. ಅವ್ವನಿಗೆ ಆವತ್ತೇ ಹೊಳೆದದ್ದು ತನ್ನ ಸಾಲಿಗೆ ಎಂಥ ಬಾಗಿಲು ಸಿಕ್ಕಿದೆ ಎಂದು. ಆಮೇಲೆ ಎಲ್ಲ ಹುಡುಗಿಯರಿಗೂ ವಿಭೂತಿ ಕಡ್ಡಾಯವಾಯಿತು. ಪಿಂಜಾರರ ಹುಡುಗಿಯೊಬ್ಬಳನ್ನು ಬಿಟ್ಟು.

ಪಿಂಜಾರರದು ನಮ್ಮ ಹಿತ್ತಲ ಗೋಡೆಯ ಆಚೆಯ ಮುಸಲ್ಮಾನರ ಮನೆ. ಹತ್ತಿ ಹಿಂಜಿ ಗಾದಿ ತುಂಬುವ ಕಸುಬು. ಮನೆಯ ಹೆಂಗಸನ್ನು ನಾನು ಚಾಚಿ ಅನ್ನುತ್ತಿದ್ದೆ. ಆಕೆಯ ಮಗಳು ನನಗಿಂತ ಸ್ವಲ್ಪ ಚಿಕ್ಕವಳು, ಅವ್ವನ ಅಂಗೈ ಸಾಲಿಯಲ್ಲಿ ಎಲ್ಲರಿಗಿಂತ ಚುರುಕು. ಅವ್ವ ಆಕೆಗೆ ವಿಭೂತಿ ಹಚ್ಚಲಿಲ್ಲ. ಸಾಲಿನ ಕೊನೆಗೆ, ಕಂಬದ ಮರೆಯಲ್ಲಿ ಕೂರಿಸುತ್ತಿದ್ದಳು. "ಆಕಿ ಅಕ್ಷರಕ್ಕ ಬಂದಾಳ, ಬೂದಿಗಿ ಬಂದಿಲ್ಲ" ಅನ್ನುತ್ತಿದ್ದಳು.

ಆಮೇಲೆ ರಜಾಕಾರರ ಕಾಲ ಬಂತು. ಸುತ್ತಲಿನ ಹಳ್ಳಿಗಳು ಒಂದೊಂದಾಗಿ ಉರಿದವು. ಡಾಬಕಾದಲ್ಲಿ ಅವ್ವನ ತವರುಮನೆಯ ಬಣವೆಗೂ ಮನೆಗೂ ಬೆಂಕಿಯಿಟ್ಟರು. ಸೋದರಮಾವ ಮಕ್ಕಳನ್ನು ಕಟ್ಟಿಕೊಂಡು ನಿಜಾಮರ ಗಡಿ ದಾಟಿ ಜೀವ ಉಳಿಸಿಕೊಂಡ. ಖಾಕಿ ತೊಟ್ಟು ಬಂದೂಕು ಹಿಡಿದು, ನಿರಾಯುಧರಾದ ಒಕ್ಕಲು ಮಂದಿಯ ಮುಂದೆ ಶೂರರಾದ ಆ ಹೇಡಿಗಳ ಬಗ್ಗೆ ನನಗೆ ಹೇಳಲು ಒಳ್ಳೆಯ ಮಾತಿಲ್ಲ. ಆದರೆ ಅವರು ಭಾಲ್ಕಿಗೆ ಬಂದಾಗ ಅರಿವೆ ಸಾಹುಕಾರ ತನ್ನ ಅಂಗಡಿಯ ಮುಂದೆ ಚಪ್ಪರ ಹಾಕಿಸಿ, ಕೆಂಪು ರೂಮಿ ಟೊಪ್ಪಿಗೆ ಇಟ್ಟುಕೊಂಡು, ಅವರ ಮುಖಂಡನಿಗೆ ಶರಬತ್ತು ಕುಡಿಸಿದ್ದನ್ನು ನಾನು ಮಾಳಿಗೆ ಮೇಲೆ ನಿಂತು ನೋಡಿದ್ದೇನೆ.

ಹಿಂದೂಸ್ಥಾನದ ಫೌಜು ಬಂತು. ಸರಕಾರ ಬಿತ್ತು. ಹೆಸರುಕಾಳಿನ ಕೊಯ್ಲಿನ ದಿನಗಳವು, ಅಂಗಳದ ತುಂಬ ಕಾಯಿ ಒಣಗಿಸಿದ್ದೆವು. ಊರಿನಲ್ಲಿ ಕೆಂಪು ಟೊಪ್ಪಿಗೆಗಳು ಒಲೆ ಸೇರಿದವು. ಬಿಳಿ ಟೊಪ್ಪಿಗೆಗೆ ಎಷ್ಟು ಗಿರಾಕಿ ಅಂದರೆ ಸಾಹುಕಾರನ ಅಂಗಡಿಯಲ್ಲಿ ಬಿಳಿ ಅರಿವೆ ಮುಗಿದು ಧೋತರ ಕತ್ತರಿಸಿ ಹೊಲಿದರಂತೆ. ನಿನ್ನೆಯವರೆಗೆ ಮನೆಯೊಳಗೆ ಅಗಳಿ ಹಾಕಿಕೊಂಡು ಕೂತವರೆಲ್ಲ ಈಗ ಕೈಯಲ್ಲಿ ಕೊಡಲಿ ಹಿಡಿದು ಬೀದಿಗೆ ಬಂದರು. ರಜಾಕಾರರು ಯಾವಾಗಲೋ ಓಡಿಹೋಗಿದ್ದರು. ಉಳಿದವರು ಹತ್ತಿ ಹಿಂಜುವವರು, ಬಳೆ ತೊಡಿಸುವವರು, ಕುದುರೆಗೆ ಲಾಳ ಹೊಡೆಯುವವರು. ಶೌರ್ಯಕ್ಕೆ ಅಷ್ಟು ಸಾಕಾಯಿತು.

ಚಾಚಿಯ ಗಂಡ ಆ ವಾರ ಗಾದಿಯ ಕೆಲಸಕ್ಕೆ ಬೀದರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಎಂದೂ ಬರಲಿಲ್ಲ. ಒಂದು ಮುಂಜಾನೆ ಚಾಚಿ ಮಗಳನ್ನು ಮುಂದೆ ಮಾಡಿಕೊಂಡು ಹಿತ್ತಲ ಗೋಡೆ ಹತ್ತಿ ನಮ್ಮ ಕಡೆ ಇಳಿದಳು. ಅವ್ವ ಯಾಕೆ ಎಂದು ಕೇಳಲಿಲ್ಲ. "ರೊಟ್ಟಿ ತಿಂದೀರೇನ?" ಎಂದಳು. ನಮ್ಮ ಮನೆಯಲ್ಲಿ ಆಗಲೇ ಓಣಿಯ ನಾಲ್ಕಾರು ಹುಡುಗಿಯರಿದ್ದರು. ದಂಗೆಯ ಹೊತ್ತಿನಲ್ಲಿ ವಕೀಲಬಾಯಿಯ ಮನೆ ಭದ್ರ ಎಂದು, ಕಟ್ಟೆಯ ಮೇಲೆ ಕೂತು ನಗುತ್ತಿದ್ದವರೇ ಹೆಣ್ಣುಮಕ್ಕಳನ್ನು ತಂದು ಬಿಟ್ಟಿದ್ದರು.

ಮಧ್ಯಾಹ್ನ ಊಟ ಮುಗಿದಿತ್ತು. ತಾಟುಗಳು ಇನ್ನೂ ಬಚ್ಚಲ ಬಳಿ ಬಿದ್ದಿದ್ದವು. ಮಾಳಿಗೆ ಮೇಲೆ ಹೋಗಿದ್ದ ನಾನು ಗುಂಪು ನಮ್ಮ ಓಣಿಗೆ ತಿರುಗಿದ್ದನ್ನು ಕಂಡು ಓಡಿ ಇಳಿದೆ. ಹಿಂದಿನ ಓಣಿಯಲ್ಲೂ ಮಂದಿ. ಚಾಚಿಯನ್ನೂ ಮಗಳನ್ನೂ ಕಾಳಿನ ಹಗೇವಿನಲ್ಲಿ ಇಳಿಸೋಣ ಎಂದೆ.

"ಹುಚ್ಚಿ, ಲೂಟಿಗಿ ಬಂದವರು ಮೊದಲ ಹಗೇವನ ತೆಗೀತಾರ" ಅಂದಳು ಅವ್ವ. ಪಡಸಾಲೆಯ ಕಡೆ ತಿರುಗಿದಳು. "ಎಲ್ಲಾರೂ ಸಾಲಾಗಿ ಕುಂದರ್ರಿ. ಸಾಲಿ ಅದ."

"ಅವ್ವಾ, ಈಗ ಎಂಥಾ ಸಾಲಿ?"

"ಬಾಯಿ ಮುಚ್ಚು, ಕೈ ತೆರಿ."

ವಿಭೂತಿ ಗಟ್ಟಿ ಹುಡುಕುವಷ್ಟು ಹೊತ್ತಿರಲಿಲ್ಲ. ಒಲೆಯ ಬೂದಿಯನ್ನೇ ಬೊಗಸೆಯಲ್ಲಿ ತಂದು ಎಲ್ಲರ ಹಣೆಗೂ ಎಳೆದಳು. ಚಾಚಿಯ ಮುಂದೆ ಬಂದು ಕೈ ನಿಲ್ಲಿಸಿದಳು.

"ಹಚ್ಚಲೇನ ತಂಗಿ? ನಿನ್ನ ಮನಸಿಲ್ಲದ ನಾ ಹಚ್ಚಂಗಿಲ್ಲ."

"ಹಚ್ಚರಿ ಅಮ್ಮಾ. ಒಲಿ ಬೂದಿಗಿ ಯಾವ ಮಜಹಬು. ಆದರ ನನಗ ಒಂದ ಅಕ್ಷರ ಬರಂಗಿಲ್ಲಲ್ಲ, ಏನ ಬರೀಲಿ?"

"ಏನರೆ ಬರಿ. ಬೆರಳ ನಿಲ್ಲಬಾರದ, ಅಷ್ಟೇ."

ಸೆರಗನ್ನು ಕಿವಿಗಳ ಮೇಲೆ ಬರುವಂತೆ ಎಳೆದು ಬಿಟ್ಟಳು. ಚಾಚಿಯ ಕಿವಿಯ ಅಂಚಿನುದ್ದಕ್ಕೂ ಬೆಳ್ಳಿಯ ಬಾಲಿಗಳಿದ್ದವು. ನಮ್ಮವರು ಹಾಗೆ ಚುಚ್ಚಿಸುವುದಿಲ್ಲ. ಅವು ಕಂಡರೆ ಎಲ್ಲ ಮುಗಿದಂತೆ. ಮಗಳು ಈ ಸಲ ಕಂಬದ ಮರೆಯಲ್ಲಿ ಅಲ್ಲ, ನನ್ನ ಪಕ್ಕದಲ್ಲಿ ಕೂತಳು. ಅವ್ವ ಬಾಗಿಲಿಗೆ ಹೋದಳು.

ಗುಂಪಿನ ಮುಂದೆ ಸಾಹುಕಾರ. ಪಕ್ಕದಲ್ಲಿ ಅಯ್ಯನವರು, ದಂಗೆಗೆ ಮಂಗಳಕಾರ್ಯದ ಕಳೆ ಕೊಡಲು ಬಂದವರಂತೆ ಶಾಲು ಹೊದ್ದು. ಹಿಂದೆ ಕೊಡಲಿ, ಕುಡಗೋಲು, ಬಡಿಗೆ.

"ವಕೀಲಬಾಯಿ, ಬಾಗಲ ತೆಗಿ. ನಿನ್ನ ಮನ್ಯಾಗ ರಜಾಕಾರರ ಹೆಂಗಸರ ಹೊಕ್ಕಾರಂತ ಸುದ್ದಿ ಬಂದದ."

"ಬಾಗಲ ತೆರದೇ ಅದಲ್ಲ ಸಾಹುಕಾರ, ಕಣ್ಣಿಗಿ ಏನಾಗ್ಯದ? ಟೊಪ್ಪಿಗಿ ಹೊಸಾದು ಕಾಣ್ತದ. ಛಲೋ ಒಪ್ತದ. ಮೊನ್ನಿ ಕೆಂಪದೂ ಛಲೋ ಒಪ್ಪಿತ್ತು ನಿಮಗ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸಾಹುಕಾರನ ದನಿ ಏರಿತು. "ಹೆಣ್ಣಮಗಳಂತ ತಡಕೊಂಡೀನಿ. ಹಿಂದೂಗಳ ಮನಿ ಸುಟ್ಟವರಿಗಿ ನೀ ರೊಟ್ಟಿ ಹಾಕ್ತಿದ್ದರ—"

"ಸುಟ್ಟಿದ್ದು ನನ್ನ ತವರಮನಿರಿ. ನಿಮ್ಮ ಅಂಗಡಿಗಿ ಒಂದ ಕಿಡಿ ಹತ್ತಿಲ್ಲ. ಸಿಟ್ಟ ಯಾರಿಗಿ ಬರಬೇಕು? ನನಗ ಬಂದಿಲ್ಲ, ನೀವ್ಯಾಕ ಬಾಡಿಗಿ ಸಿಟ್ಟ ಮಾಡ್ತೀರಿ?"

ಒಳಗೆ ಕೂತ ನಮಗೆ ಪ್ರತಿ ಮಾತೂ ಕೇಳುತ್ತಿತ್ತು. ಅಂಗೈಯಾಚೆ ಬಾಗಿಲ ಬೆಳಕು, ಆ ಬೆಳಕಿನಲ್ಲಿ ಅವ್ವನ ಬೆನ್ನು. ನನ್ನ ಬೆರಳು ಅ, ಆ ಬರೆಯುತ್ತಿತ್ತು. ಇ ಯಾವುದೆಂದು ಮರೆತುಹೋಗಿ ಮತ್ತೆ ಅ ಬರೆಯುತ್ತಿತ್ತು. ಪಕ್ಕದ ಹುಡುಗಿಯ ಬೆರಳು ಒಂದೇ ಸಮನೆ ಓಡುತ್ತಿತ್ತು.

ಕೊಡಲಿ ಹಿಡಿದವನೊಬ್ಬ ಅವ್ವನನ್ನು ಸರಿಸಿ ನುಗ್ಗಲು ಬಂದ. "ಮಾತ ಸಾಕು, ನಾ ಒಳಗ ನೋಡ್ತೇನಿ."

"ನೋಡಪ್ಪಾ" ಅಂದಳು ಅವ್ವ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು. "ಒಳಗ ಹೆಣ್ಣಮಕ್ಕಳು ಪೂಜಿಗಿ ಕುಂತಾರ. ಅಯ್ಯನೋರು ಇಲ್ಲೇ ಇದ್ದಾರ, ಅವರನ್ನ ಕೇಳಿ ಕಾಲ ಇಡು."

ಅಲ್ಲಿ ನಡೆದದ್ದು ನಮ್ಮವರಿಂದ ಮಾತ್ರ ಸಾಧ್ಯ. ಆ ಕೊಡಲಿಯವನು ಲಿಂಗವಂತನಲ್ಲ, ಬೇರೆ ಓಣಿಯವನು. ಅಯ್ಯನವರಿಗೆ ಇದ್ದಕ್ಕಿದ್ದಂತೆ ಧರ್ಮ ನೆನಪಾಯಿತು.

"ಏ, ನಿಂದರು! ನೀ ಭವಿ. ಲಿಂಗಪೂಜಿ ನಡದಲ್ಲಿ ನಿನ್ನ ಕಣ್ಣ ಬೀಳಬಾರದು."

"ಅಂದ್ರ? ಕೊಡ್ಲಿ ಹಿಡಿಲಾಕ ನಾ ಬೇಕು, ಒಳಗ ನೋಡ್ಲಾಕ ನಾ ಬ್ಯಾಡೇನ್ರಿ ಅಯ್ಯನೋರ?"

"ಅದ ಬ್ಯಾರೆ, ಇದ ಬ್ಯಾರೆ."

"ಹ್ಯಾಂಗ ಬ್ಯಾರೆ? ಮುಂಜಾನಿಂದ ಭಾಯಿ ಭಾಯಿ ಅಂತ ಕರಕೊಂಡ ಬಂದ್ರಿ, ಹೊಸ್ತಲಿಗಿ ಬಂದ ಕೂಡ್ಲಿ ಭವಿ ಆದೆನೇನು?"

ಮನುಷ್ಯರನ್ನು ಕೊಲ್ಲಲು ಒಂದಾಗಿ ಬಂದವರು ಯಾರು ಒಳಗೆ ಇಣುಕಬಹುದು ಎಂಬುದರ ಮೇಲೆ ಜಗಳಕ್ಕೆ ನಿಂತರು. ಹಿಂದಿನವರು ಎರಡು ಪಾಲಾದರು. ಜಾತಿಯಿಲ್ಲ, ಕುಲವಿಲ್ಲ ಎಂದು ಹುಟ್ಟಿದ ಧರ್ಮ ನಮ್ಮದು. ಅದನ್ನು ದಿನಾ ಉಪದೇಶ ಮಾಡುವ ಬಾಯಿ ಅಯ್ಯನವರದು. ಆ ಬಾಯಿಯೇ ಭವಿ ಭವಿ ಎಂದು ಒದರುತ್ತಿತ್ತು. ಆ ಹೊತ್ತಿನಲ್ಲಿ ಇಬ್ಬರ ಜೀವ ಅವರ ಜಾತಿಯ ಸೊಕ್ಕಿನ ಎಳೆಗೆ ಜೋತುಬಿದ್ದಿತ್ತು, ಆ ಎಳೆ ಹರಿಯದಿರಲಿ ಎಂದು ನಾನು ಬೇಡಿಕೊಂಡೆ. ಇದಕ್ಕಿಂತ ಹೇಸಿಗೆಯ ಬೇಡಿಕೆಯನ್ನು ನಾನು ಯಾವ ದೇವರ ಮುಂದೆಯೂ ಇಟ್ಟಿಲ್ಲ.

ಕೊನೆಗೆ ಅಯ್ಯನವರೇ ಬಂದು ಹೊಸ್ತಿಲ ಆಚೆ ನಿಂತು ಕತ್ತು ಚಾಚಿದರು.

ಅದೊಂದು ನೋಟವನ್ನು ನಾನು ಇಂದಿಗೂ ಬಿಡಿಸಿ ಬಿಡಿಸಿ ನೋಡುತ್ತೇನೆ. ಅವರ ಕಣ್ಣು ಸಾಲಿನ ಆ ತುದಿಯಿಂದ ಈ ತುದಿಗೆ ಬಂತು. ಬಚ್ಚಲ ಬಳಿ ಉಂಡ ತಾಟುಗಳು. ಲಿಂಗಪೂಜೆಯಾಗದೆ ಉಣ್ಣಬಾರದೆಂದು ಊರಿಗೆಲ್ಲ ಹೇಳುವವರು ಅವರೇ. ನೀರಿನ ತಂಬಿಗೆಯಿಲ್ಲ, ಪತ್ರಿಯಿಲ್ಲ, ಹೂವಿಲ್ಲ. ಅಂಗೈಗಳು ಖಾಲಿ. ಚಾಚಿಯ ಹಣೆಯ ಬೂದಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಸೆರಗು ಒಂದು ಬೆರಳಿನಷ್ಟು ಜಾರಿ ಕಿವಿಯಂಚಿನ ಬಾಲಿಗಳು ಮಿಂಚಿದವು. ನನಗೆ ಕಂಡವು. ಅಯ್ಯನವರಂತೂ ನೇರ ಎದುರಿಗಿದ್ದರು. ಚಾಚಿಯ ತುಟಿಗಳು ಅಲುಗುತ್ತಿದ್ದವು. ತನ್ನ ದೇವರನ್ನು ತನ್ನ ಮಾತಿನಲ್ಲಿ ಕರೆಯುತ್ತಿದ್ದಳು.

ಅಯ್ಯನವರು ಆ ತುಟಿಗಳನ್ನು ನೋಡಿದರು. ತಲೆದೂಗಿದರು.

"ಪೂಜಿ ನಡದದ ಖರೇ. ಮಂತ್ರ ಅನ್ಲಿಕತ್ತಾರ. ನಡೀರಿ, ಅಪಚಾರ ಬ್ಯಾಡ."

ಸಾಹುಕಾರ ಹೋಗುವಾಗ ಗೊಣಗಿದ. ಕೊಡಲಿಯವನು ನಮ್ಮ ಅಂಗಳದ ಹೆಸರುಕಾಯಿಯ ಮೇಲೆ ಉಗುಳಿ ಹೋದ. ಅವರ ಗದ್ದಲ ಓಣಿಯ ತಿರುವಿನಲ್ಲಿ ಕರಗುವವರೆಗೆ ಅವ್ವ ಯಾರಿಗೂ ಕೈ ಇಳಿಸಲು ಬಿಡಲಿಲ್ಲ. ಆಮೇಲೆ ಅಲ್ಲೇ ಹೊಸ್ತಿಲ ಬಳಿ ಕೂತಳು. ನೀರು ತಂದುಕೊಟ್ಟರೆ ತಂಬಿಗೆ ಪೂರ್ತಿ ಕುಡಿದಳು.

"ಏನ ಬರದಿ ತಂಗಿ?" ಎಂದು ಚಾಚಿಯನ್ನು ಕೇಳಿದಳು.

"ನಾ ಏನ ಬರೀಲಿ ಅಮ್ಮಾ" ಎಂದಳು ಚಾಚಿ. "ಹತ್ತಿ ಹಿಂಜ್ದೆ." ಬಲ ಬೆರಳಿನಿಂದ ಎಡ ಅಂಗೈಯ ಮೇಲೆ ಹತ್ತಿ ಹಿಂಜುವ ಬಿಲ್ಲಿನ ತಂತಿ ಮೀಟಿ ತೋರಿಸಿದಳು. ನಾವು ನಕ್ಕೆವು. ನಗುತ್ತ ನಗುತ್ತ ಆಕೆಯ ಮಗಳು ವಾಂತಿ ಮಾಡಿಕೊಂಡಳು.

ಅವರಿಬ್ಬರೂ ನಮ್ಮಲ್ಲೇ ಉಳಿದರು. ಫೌಜಿನವರು ಊರಿನಲ್ಲಿ ಕೂತು ಕೊಡಲಿಗಳು ಮೂಲೆ ಸೇರಿದ ಮೇಲೆ ನೋಡಿದರೆ ಪಿಂಜಾರರ ಮನೆಗೆ ಸಾಹುಕಾರನ ಬೀಗ. ಒಳಗೆ ಅವನ ಅರಿವೆಯ ಗಂಟುಗಳು. "ದೇಶಸೇವಾ ಮಾಡಿದವರಿಗಿ ಒಂದ ಗೋದಾಮ ಬ್ಯಾಡೇನು" ಅಂದನಂತೆ. ಅವ್ವ ಮತ್ತೆ ರೈಲು ಹತ್ತಿದಳು. ಬೀದರದ ಅದೇ ಕಚೇರಿ, ಅದೇ ಕುರ್ಚಿ, ಅದೇ ಗುಮಾಸ್ತ. ಸರಕಾರ ಬಿದ್ದರೂ ಗುಮಾಸ್ತ ಬಿದ್ದಿರಲಿಲ್ಲ. ಮೇಲಿನ ಅಧಿಕಾರಿ ಮಾತ್ರ ಹೊಸಬ, ಮದ್ರಾಸಿನ ಕಡೆಯವನು, ಕನ್ನಡವೂ ಬಾರದು, ಉರ್ದುವೂ ಬಾರದು. ಕನ್ನಡಕ್ಕಾಗಿ ಇದೇ ಕಚೇರಿಯಲ್ಲಿ ಜಗಳವಾಡಿದ್ದ ಅವ್ವ ಈಗ ಗುಮಾಸ್ತನ ಮುಂದೆ ತನಗೆ ಬರುತ್ತಿದ್ದ ಒಡಕು ಉರ್ದುವಿನಲ್ಲಿ ವಾದಿಸಿದಳು. ನಾನು ಸರಕಾರಿ ಸಾಲಿಯಲ್ಲಿ ಕಲಿತ ಹರಕು ಇಂಗ್ಲಿಷಿನಲ್ಲಿ ಅಧಿಕಾರಿಗೆ ಹೇಳಿದೆ. ಹೋದೆವು, ಬಂದೆವು, ಮತ್ತೆ ಹೋದೆವು. ಕೋಟೆಯ ಊರಿನ ಕೆಂಪು ದೂಳು ಅವ್ವನ ಸೀರೆಯ ಅಂಚಿನಿಂದ ಆ ವರ್ಷವೆಲ್ಲ ಹೋಗಲಿಲ್ಲ. ಕಡೆಗೆ ಬೀಗ ಒಡೆಸಿದರು. ಸಾಹುಕಾರನ ಗಂಟುಗಳು ಬೀದಿಗೆ ಬಂದ ದಿನ ಅವನು ಕಟ್ಟೆಯ ಮೇಲಿಂದ ಕೂಗಿ ಹೇಳಿದ: "ಸಾಬರ ವಕೀಲಬಾಯಿ!" ಅವ್ವ ತಿರುಗಿ ನೋಡಿ, "ಫೀಸು ನೀ ಕೊಡ್ತೀಯೇನ?" ಎಂದು ಮುಂದೆ ನಡೆದಳು.

ಆಮೇಲಿನ ವರ್ಷಗಳಲ್ಲಿ ಸಾಲಿಗೆ ಅಪ್ಪಣೆಯೂ ಸಿಕ್ಕಿತು, ಪಾಟಿಗಳೂ ಬಂದವು. ಚಾಚಿಯ ಮಗಳು ಓದಿ ಔರಾದದಲ್ಲಿ ಕನ್ನಡ ಸಾಲಿಯ ಶಿಕ್ಷಕಿಯಾದಳು. ನನ್ನನ್ನು ಅವ್ವ ಹೈದರಾಬಾದಿಗೆ ಕಳಿಸಿದಳು. ಅಲ್ಲಿ ಒಂದು ಸಲ ಹುಡುಗರು ಮುಷ್ಕರ ಮಾಡಿ ಕೂಗುತ್ತ ನಮ್ಮ ವರಾಂಡಕ್ಕೆ ನುಗ್ಗಿದರು, ಏನೂ ಅಪಾಯವಿರಲಿಲ್ಲ. ಪಕ್ಕದವಳು ನನ್ನ ಮೊಣಕೈ ಹಿಡಿದು ಅಲುಗಿಸಿದಾಗಲೇ ತಿಳಿದದ್ದು, ನಾನು ಎಡ ಅಂಗೈ ಎತ್ತಿಕೊಂಡು ಕೂತಿದ್ದೇನೆ, ಬೆರಳು ಓಡುತ್ತಿದೆ.

ಶೋಕಸಭೆಗೆ ಬರುತ್ತೇನೆ. ಅಯ್ಯನವರು ಕಣ್ಣು ಮುಚ್ಚಿ, ಕೈ ಎತ್ತಿ ಹೇಳಿದರು: "ಆ ಗದ್ದಲದ ದಿನ ನಾ ಆ ತಾಯಿ ಹೊಸ್ತಲದಾಗ ನಿಂತು ನೋಡೀನಿ. ಊರಿಗೆ ಊರೇ ಹೊತ್ತಿ ಉರೀತಿತ್ತು, ಒಳಗ ಆ ಹೆಣ್ಣಮಕ್ಕಳು ಪೂಜಿಗಿ ಕುಂತಿದ್ದರು. ಒಬ್ಬೊಬ್ಬರ ಅಂಗೈಯಾಗೂ ಲಿಂಗ ಥಳಥಳ ಹೊಳೀತಿತ್ತು. ಈ ಕಣ್ಣಿಲೆ ಕಂಡೀನಿ!"

ಜನ ಚಪ್ಪಾಳೆ ತಟ್ಟಿದರು.

ಅಲ್ಲಿಯವರೆಗೆ ನನಗೊಂದು ಸಂಶಯವಿತ್ತು. ಅಯ್ಯನವರಿಗೆ ಗೊತ್ತಾಗಿತ್ತೇನೋ, ಗೊತ್ತಾಗಿಯೂ ಸುಮ್ಮನಾದರೇನೋ, ಆ ಮನುಷ್ಯನೊಳಗೆ ಒಂದು ಚಿಟಿಕೆ ಕರುಣೆ ಇತ್ತೇನೋ ಎಂದು ಅಷ್ಟು ವರ್ಷ ಅವರಿಗಾಗಿ ಒಂದು ಮೂಲೆ ಖಾಲಿ ಇಟ್ಟುಕೊಂಡಿದ್ದೆ. ಈಗ ತಿಳಿಯಿತು. ಖಾಲಿ ಅಂಗೈಯಲ್ಲಿ 'ಹೊಳೆಯುವ' ಲಿಂಗ ಕಂಡವರು! ಅವರು ನೋಡಿರಲೇ ಇಲ್ಲ. ಜೀವಮಾನವಿಡೀ ಮಾಡಿಸಿದ ಪೂಜೆಯನ್ನು ಒಮ್ಮೆಯಾದರೂ ನೋಡಿದ್ದರೆ, ಆ ದಿನ ನಮ್ಮ ಮನೆಯಿಂದ ಎರಡು ಹೆಣ ಹೊರಬೀಳುತ್ತಿದ್ದವು.

ಹೆಂಗಸರ ಕಡೆ ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಚಾಚಿ ಕೂತಿದ್ದಳು. ಔರಾದದಿಂದ ಮಗಳೂ ಬಂದಿದ್ದಳು. ಚಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಕಿವಿಗೆ ಬಾಗಿದಳು.

"ನನ್ನ ಕೈಯಾಗೂ ಹೊಳೀತಿತ್ತಂತ ನೋಡ ಯವ್ವಾ. ನನಗ್ಯಾಕ ಕಾಣಲಿಲ್ಲ?"

ನನ್ನ ಹೆಸರು ಕರೆದರು, ಮಗಳು ಎರಡು ಮಾತಾಡಬೇಕೆಂದು. ನಾನು ಎಲ್ಲ ಹೇಳಿಬಿಡುವ ಹಟದಲ್ಲಿ ಎದ್ದೆ. ಚಾಚಿಯ ನಗು ಅಲ್ಲೇ ನಿಂತಿತು. ನನ್ನ ಮಣಿಕಟ್ಟು ಹಿಡಿದಳು. ಹತ್ತಿ ಹಿಂಜಿದ ಕೈ, ಉಕ್ಕಿನ ಹಿಡಿತ.

"ಬ್ಯಾಡ. ಇವರ ಮುಖ ಕೆಡ್ತದ ಇವತ್ತ. ನಾಳಿ ಮತ್ತ ನಾ ಇದೇ ಓಣ್ಯಾಗ ಇರಬೇಕಾಗ್ಯದ."

ವೇದಿಕೆಯ ಮೇಲೆ ಸಾಹುಕಾರ ಬಿಳಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. ಅವನ ಹಿಂದೆ ನಿಂತವರಲ್ಲಿ ಆ ಕೊಡಲಿಯವನೂ ಇದ್ದ, ಕೊರಳಲ್ಲಿ ಸ್ವಯಂಸೇವಕನ ಪಟ್ಟಿ. ಸರಕಾರ ಬದಲಾಗಿತ್ತು, ಇನ್ನೊಂದು ಬದಲಾಗುವುದರಲ್ಲಿತ್ತು. ಚಾಚಿಯ ಮನೆಯ ಗೋಡೆ ಮಾತ್ರ ಅವರ ಕೈಗೆ ಎಟುಕುವಷ್ಟೇ ಎತ್ತರವಿತ್ತು.

ನಾನು ಹೋಗಿ ನಿಂತು ಒಂದೇ ಮಾತು ಹೇಳಿದೆ: "ಅಯ್ಯನವರು ತಪ್ಪು ತಿಳಿದಿದ್ದಾರೆ. ಆ ದಿನ ನಮ್ಮ ಮನೆಯಲ್ಲಿ ಪೂಜೆ ನಡೆದಿರಲಿಲ್ಲ. ನಮ್ಮವ್ವ ಪಾಠ ಹೇಳುತ್ತಿದ್ದಳು."

ಜನ ಅಯ್ಯನವರ ಕಡೆ ತಿರುಗಿದರು. ಅವರ ಮುಖ ಅರಳಿತು. "ಕೇಳಿದ್ರೇನು? ಆ ತಾಯಿಗಿ ಪಾಠನೇ ಪೂಜಿ!" ಎಂದು ಕೂಗಿದರು. ಮೊದಲಿನದಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು. ಆ ಮಾತನ್ನು ಮುಂದೆ ಸಾಲಿಯ ಗೋಡೆಯ ಮೇಲೂ ಬರೆಸಿದರು, ಅಯ್ಯನವರ ಹೆಸರಿನ ಸಮೇತ.

ಚಾಚಿ ಈಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ದಿನ ವೇದಿಕೆಯಿಂದ ಇಳಿಯುತ್ತ ನಾನು ಹೆಂಗಸರ ಕಡೆ ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಚಾಚಿಯ ಕೈಗಳು ಮಡಿಲಲ್ಲಿದ್ದವು, ಎಡ ಅಂಗೈ ಮೇಲಾಗಿ. ಸೆರಗಿನ ಮರೆಯಲ್ಲಿ ಬಲ ಬೆರಳು ಮೆಲ್ಲಗೆ ತಂತಿ ಮೀಟುತ್ತಿತ್ತು.